ಕೆರೆಗೆ ಸಲಹೆಗಾರರು ಬಹುಮಂದಿ, ಕಾಯುವವನೊಬ್ಬನಿಲ್ಲ

(ಲೇಖಕರು: ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್. ಏಜಿ., ಮುಳಬಾಗಿಲು)

ಗ್ರಾಮಗಳ ಮುಖಂಡರಿಗೂ ಜಮೀನುದಾರರಾದ ಮಹಾಶಯರಿಗೂ ಈ ಪತ್ರಿಕೆಯ ಮೂಲಕ ಬಿತ್ತನೆಯ ಬೀಜ, ಗೊಬ್ಬರ, ಪೈರಿನ ರೋಗ, ರಾಸುಗಳ ಮೇವು ಮೊದಲಾದ ವಿಷಯಗಳನ್ನು ತಿಳಿಯಪಡಿಸುವುದು ವಾಡಿಕೆಯಾಗಿದೆ. ಈ ತಿಂಗಳು ನಾನು ಬರೆಯಹೊರಟಿರುವ ವಿಷಯವು ಅವುಗಳಂತೆ ಹೊಲದಲ್ಲಿ ಕಣ್ಣಿಗೆ ಕಾಣತಕ್ಕದ್ದಲ್ಲ. ಕೆರೆಕುಂಟೆಗಳು, ಅಂತರ್ಜಲ, ಪರಿಸರ ಇವುಗಳ ವಿಷಯದಲ್ಲಿ ಸರ್ಕಾರಕ್ಕೂ ಜನರಿಗೂ ಬುದ್ಧಿ ಹೇಳುವುದಕ್ಕಾಗಿ ಕಾಲಕಾಲಕ್ಕೆ ಏರ್ಪಟ್ಟ ಮಂಡಲಿಗಳ ಮತ್ತು ಪ್ರಾಧಿಕಾರಗಳ ಆಡಳಿತ ಚರಿತ್ರೆಯೇ ಅದು. ಇದು ಕಚೇರಿಯ ಕಡತಗಳ ಕಥೆ, ನಮಗೇಕೆ ಎಂದು ಕೆಲವರು ಪುಟವನ್ನು ಮಗುಚಬಹುದು. ಹಾಗೆ ಮಗುಚುವುದಕ್ಕೆ ಮುಂಚೆ ಒಂದು ಸಂಗತಿಯನ್ನು ಕೇಳಬೇಕೆಂದು ಪ್ರಾರ್ಥಿಸುತ್ತೇನೆ.

ಒಂದು ಕೋಡಿಯ ಕಥೆ

2021ನೆಯ ಇಸವಿ ನವೆಂಬರ್ ತಿಂಗಳಲ್ಲಿ ನಮ್ಮ ಸೀಮೆಯಲ್ಲಿ ಬಹುಕಾಲದಿಂದ ಕಾಣದಂಥ ಮಳೆಯಾಯಿತೆಂಬುದು ಎಲ್ಲರಿಗೂ ನೆನಪಿದೆ. ಅನೇಕ ವರ್ಷಗಳಿಂದ ಬಿರುಕುಬಿಟ್ಟು ಒಣಗಿದ್ದ ಕೆರೆಗಳು ತುಂಬಿ ಕೋಡಿಬಿದ್ದುವು. ಜನರು ಬಾಗಿನವನ್ನರ್ಪಿಸಿ ಸಂತೋಷಪಟ್ಟರು. ಆದರೆ ಈ ತಾಲ್ಲೂಕಿನ ಒಂದು ಗ್ರಾಮದಲ್ಲಿ ಸಂತೋಷಕ್ಕೆ ಆಸ್ಪದವಿರಲಿಲ್ಲ. ಅಲ್ಲಿ ಕೋಡಿಯ ಹಳ್ಳವನ್ನು ವರ್ಷವರ್ಷವೂ ಒಂದೊಂದು ಗೇಣು ಒತ್ತಿ ಟೊಮ್ಯಾಟೊ ತೋಟಕ್ಕೆ ಸೇರಿಸಿಕೊಂಡಿದ್ದರು. ನೀರು ಹೋಗುವುದಕ್ಕೆ ದಾರಿ ಸಾಲದೆ ಏರಿಯ ಮೇಲೆ ಹತ್ತಿತು. ಜಾಲಿಯ ಬೇರುಗಳಿಂದ ಸಡಿಲವಾಗಿದ್ದ ಏರಿಯು ರಾತ್ರಿ ಒಡೆಯಿತು. ಬೆಳಗಾಗುವುದರೊಳಗೆ ಕಟಾವಿಗೆ ಬಂದಿದ್ದ ಎಂಟು ಎಕರೆ ರಾಗಿಯ ಮೇಲೆ ಮೊಳದುದ್ದ ಮರಳು ನಿಂತಿತ್ತು. ಅದರಲ್ಲಿ ಮೂರು ಎಕರೆಗಳ ಒಡೆಯರಿಗೆ ಬೇರೆ ಜಮೀನೇ ಇರಲಿಲ್ಲ.

ಈ ಅನಾಹುತವು ಹೇಳದೆ ಬಂದದ್ದಲ್ಲ. ಅದಕ್ಕೆ ಮೂರು ವರ್ಷ ಮುಂಚೆಯೇ ಗ್ರಾಮದವರು ಅರ್ಜಿ ಬರೆದುಕೊಂಡಿದ್ದರು. ಮೊದಲನೆಯ ಕಚೇರಿಯವರು, ಕೆರೆಯ ಅಚ್ಚುಕಟ್ಟು ಚಿಕ್ಕದು, ಇದು ನಮಗೆ ಸೇರಿದ್ದಲ್ಲವೆಂದರು. ಎರಡನೆಯವರು, ಗಡಿ ಗುರ್ತಾಗದೆ ಕಾಮಗಾರಿ ಕೂಡದೆಂದರು. ಮೂರನೆಯವರು, ಒತ್ತುವರಿಯ ವಿಷಯದಲ್ಲಿ ಮೇಲಿನ ಪ್ರಾಧಿಕಾರದ ಮಾರ್ಗದರ್ಶನ ಬರಲಿ ಎಂದರು. ನಾಲ್ಕನೆಯವನು ನಾನು. ನನ್ನ ಅಭಿಪ್ರಾಯವನ್ನು ಕೇಳಿದಾಗ ಸ್ಥಳವನ್ನು ನೋಡಿ, ಕೋಡಿಯು ಅಪಾಯಕರವಾಗಿದೆಯೆಂದು ಎರಡು ಪುಟದ ವರದಿಯನ್ನು ಬರೆದು ಕಳುಹಿಸಿ, ನನ್ನ ಕೆಲಸ ಮುಗಿಯಿತೆಂದು ಸುಮ್ಮನಾದೆನು. ವರದಿಯು ಸರಿಯಾಗಿಯೇ ಇತ್ತು. ಏರಿಯು ಒಡೆಯಿತು. ಸರಿಯಾದ ಸಲಹೆಯಿದ್ದೂ ಅನರ್ಥವು ತಪ್ಪಲಿಲ್ಲವೇಕೆ ಎಂಬ ಪ್ರಶ್ನೆಯು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಈ ಲೇಖನವು ಅದಕ್ಕೆ ಉತ್ತರವನ್ನು ಹುಡುಕುವ ಪ್ರಯತ್ನವಷ್ಟೆ.

ಪೂರ್ವದ ಏರ್ಪಾಡು

ಕೆರೆಯ ವಿಷಯದಲ್ಲಿ ಸಲಹೆ ಹೇಳುವುದು ನಮ್ಮ ನಾಡಿಗೆ ಹೊಸದಲ್ಲ. ನಮ್ಮ ತಾಲ್ಲೂಕಿನ ಆವಣಿಯಲ್ಲಿ ನೊಳಂಬರ ಕಾಲದಲ್ಲಿ ಮಠವನ್ನು ನಡೆಸುತ್ತಿದ್ದ ಯತಿಗಳು ದೇವಾಲಯಗಳ ಜೊತೆಗೆ ಕೆರೆಗಳನ್ನೂ ಕಟ್ಟಿಸಿದರೆಂದು ಶಾಸನದಿಂದ ತಿಳಿಯುತ್ತದೆ. ವಿಜಯನಗರದ ಅರಸರ ಕಾಲದಲ್ಲಿ ಮುಳಬಾಗಿಲು ಒಂದು ರಾಜ್ಯದ ಮುಖ್ಯಸ್ಥಳವಾಗಿತ್ತು. ಅದೇ ಕಾಲದಲ್ಲಿ, 1369ರಲ್ಲಿ, ಬುಕ್ಕರಾಯನ ಮಗನಾದ ಭಾಸ್ಕರನು ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿ ಶಾಸನವನ್ನು ಹಾಕಿಸಿದನು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಆ ಕಲ್ಲಿನ ಮೇಲೆ ಎಣಿಸಿ ಹೇಳಿದೆ. ಧರ್ಮಿಷ್ಠನಾದ ಅರಸನು ಮೊದಲನೆಯ ಅಂಗ. ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸನು ಎರಡನೆಯದು. ಕಟ್ಟುವ ಕೆಲಸದಲ್ಲಿ ನುರಿತ ಆಳುಗಳ ಗುಂಪೂ ಒಂದು ಅಂಗವೇ. ಅಂದರೆ ಅಧಿಕಾರ, ಸಲಹೆ, ಕೈಕೆಲಸ ಈ ಮೂರೂ ಕೂಡಿದಲ್ಲದೆ ಕೆರೆಯಾಗದೆಂದು ಅವರು ತಿಳಿದಿದ್ದರು.

ದೋಷಗಳ ಪಟ್ಟಿಯು ಇನ್ನೂ ಸ್ವಾರಸ್ಯವಾಗಿದೆ. ಏರಿಯಲ್ಲಿ ನೀರು ಸೋರುವುದು, ನೆಲವು ಚೌಳಾಗಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಕಡಿಮೆಯಾಗಿ ಅಚ್ಚುಕಟ್ಟು ಹೆಚ್ಚಾಗಿರುವುದು, ನೀರು ಹೆಚ್ಚಾಗಿ ನೆಲ ಸಾಲದಿರುವುದು, ಇವು ಐದು. ಇನ್ನೊಂದು ದೋಷವೇನೆಂದರೆ, ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವುದು. ಗಡಿಯ ಕೆರೆಗೆ ಇಬ್ಬರು ಒಡೆಯರು, ಆದಕಾರಣ ಒಬ್ಬನೂ ಒಡೆಯನಲ್ಲ. ಇಂದು ನಮ್ಮ ಕೆರೆಗಳು ರಾಜ್ಯಗಳ ಗಡಿಯಲ್ಲಿಲ್ಲದಿದ್ದರೂ ಇಲಾಖೆಗಳ ಗಡಿಯಲ್ಲಿವೆ. ಮೇಲೆ ಹೇಳಿದ ಗ್ರಾಮದ ಕೆರೆಗೆ ತಟ್ಟಿದ ದೋಷವು ಇದೇ ಎಂದು ನನ್ನ ನಂಬಿಕೆ.

ಆ ಕಾಲದಲ್ಲಿ ಕೆರೆಯನ್ನು ಕಾಯುವವನು ಗ್ರಾಮದಲ್ಲಿಯೇ ಇದ್ದನು. ಕೆರೆಯನ್ನು ಕಟ್ಟಿ ಕಾಪಾಡುವವರಿಗೆ ಕಟ್ಟುಕೊಡಿಗೆ, ಬಿತ್ತುವಟ್ಟ, ದಶವಂದ ಎಂಬ ಹೆಸರುಗಳಿಂದ ಭೂಮಿಯನ್ನೋ ಫಸಲಿನ ಪಾಲನ್ನೋ ಬಿಟ್ಟಿದ್ದರು. ತೂಬನ್ನು ಎತ್ತುವುದಕ್ಕೂ ಇಳಿಸುವುದಕ್ಕೂ ನೀರನ್ನು ಸರದಿಯ ಮೇಲೆ ಹಾಯಿಸುವುದಕ್ಕೂ ನೀರಗಂಟಿಯಿದ್ದನು. ಅದೆಲ್ಲವೂ ಸತ್ಯಯುಗವಾಗಿತ್ತೆಂದು ನಾನು ಹೇಳುವವನಲ್ಲ. ಕೆಸರು ಹೊರುವ ಬಿಟ್ಟಿಕೆಲಸವು ಬಡವರ ಮೇಲೆಯೇ ಬೀಳುತ್ತಿತ್ತು. ನೀರಗಂಟಿಯ ಕಾಲಿಗೆ ಕೆಸರು, ಪಾಲಿಗೆ ಅಲ್ಪವೆಂಬುದೂ ನಿಜ. ಆದರೆ ಮಳೆಯ ರಾತ್ರಿ ಕೋಡಿಯ ಬಳಿ ಕಂಬಳಿ ಹೊದ್ದು ನಿಂತಿರಬೇಕಾದವನು ಯಾರೆಂಬ ಪ್ರಶ್ನೆಗೆ ಆಗ ಉತ್ತರವಿತ್ತು.

ಇಲಾಖೆಗಳ ಕಾಲ

ಮೈಸೂರು ಸೀಮೆಯಲ್ಲಿ 1856ರಲ್ಲಿ ಪಬ್ಲಿಕ್ ವರ್ಕ್ಸ್ ಡಿಪಾರ್ಟ್‌ಮೆಂಟು ಏರ್ಪಟ್ಟ ಮೇಲೆ ಕೆರೆಗಳ ರಿಪೇರಿಯು ಕ್ರಮೇಣ ಸರ್ಕಾರದ ಇಂಜಿನಿಯರುಗಳ ಕೈಗೆ ಬಂದಿತು. ಚೀಫ್ ಇಂಜಿನಿಯರಾಗಿದ್ದ ಸ್ಯಾಂಕಿಯವರು 1866ರಲ್ಲಿ ಈ ಸೀಮೆಯನ್ನು ಪರೀಕ್ಷಿಸಿ, ಇನ್ನೊಂದು ಹೊಸ ಕೆರೆಗೆ ಜಾಗವನ್ನು ಹುಡುಕುವುದೇ ಕಷ್ಟವೆನ್ನುವಷ್ಟು ಕೆರೆಗಳನ್ನು ಜನರು ಆಗಲೇ ಕಟ್ಟಿಕೊಂಡಿರುವರೆಂದು ಆಶ್ಚರ್ಯಪಟ್ಟರು. ಒಂದರ ಕೋಡಿಯ ನೀರು ಇನ್ನೊಂದಕ್ಕೆ ಹೋಗುವ ಸರಪಣಿಯಾದ್ದರಿಂದ ಮೇಲಿನ ಒಂದು ಕೆರೆ ಕೆಟ್ಟರೆ ಕೆಳಗಿನವಕ್ಕೆಲ್ಲ ಕೇಡು. ಈ ಕಾರಣದಿಂದಲೇ 1892ರ ಫೆಬ್ರವರಿಯಲ್ಲಿ ಮದರಾಸು ಮತ್ತು ಮೈಸೂರು ಸರ್ಕಾರಗಳ ನಡುವೆ ಆದ ಒಡಂಬಡಿಕೆಯಲ್ಲಿ ನಮ್ಮ ಜಿಲ್ಲೆಯ ಪಾಲಾರ್ ನದಿಯನ್ನೂ ಸೇರಿಸಿ, ಮದರಾಸಿನ ಸಮ್ಮತಿಯಿಲ್ಲದೆ ಹೊಸ ಜಲಾಶಯಗಳನ್ನು ಕಟ್ಟಕೂಡದೆಂದು ನಿರ್ಬಂಧವಾಯಿತು. ಹೊಸದನ್ನು ಕಟ್ಟುವಂತಿಲ್ಲ. ಹಳೆಯದನ್ನು ಕಾಪಾಡಿಕೊಳ್ಳುವುದೊಂದೇ ನಮಗುಳಿದ ದಾರಿಯಾಯಿತು.

ರಿಪೇರಿಯಾದ ಕೆರೆಗಳನ್ನು ಗ್ರಾಮಸ್ಥರೇ ನೋಡಿಕೊಳ್ಳಲೆಂದು 1911ರಲ್ಲಿ ಕೆರೆ ಪಂಚಾಯಿತಿಗಳ ರೆಗ್ಯುಲೇಷನ್ನು ಬಂದಿತು. ಇದು ಯೋಗ್ಯವಾದ ಆಲೋಚನೆಯಾಗಿದ್ದರೂ ಊರೂರಿಗೆ ವ್ಯಾಪಿಸಲಿಲ್ಲ. 1932ರಲ್ಲಿ ಮೈಸೂರು ನೀರಾವರಿ ಕಾಯಿದೆಯೂ, 1965ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ನೀರಾವರಿ ಕಾಯಿದೆಯೂ ಆದುವು. ಈ ನಡುವೆ 1954ರಲ್ಲಿ ಇನಾಮುಗಳು ರದ್ದಾದುವು. 1961ರ ಶಾಸನದ ಪ್ರಕಾರ 1963ರಿಂದ ಪಟೇಲ, ಶಾನುಭೋಗ, ತೋಟಿ, ನೀರಗಂಟಿ ಮೊದಲಾದ ವಂಶಪಾರಂಪರ್ಯದ ಗ್ರಾಮಾಧಿಕಾರಗಳೂ ಹೋದುವು. ಹುಟ್ಟಿನ ಮೇಲೆ ನಿಂತ ಅಧಿಕಾರವು ಹೋದದ್ದು ನ್ಯಾಯವೇ ಸರಿ. ಆದರೆ ಅಧಿಕಾರದ ಜೊತೆಗೆ ಕರ್ತವ್ಯವೂ ಹೋಯಿತು. ಆ ಕರ್ತವ್ಯವನ್ನು ಯಾರಿಗೆ ವಹಿಸಬೇಕೆಂದು ಆಗ ಯಾರೂ ಖಂಡಿತವಾಗಿ ಹೇಳಲಿಲ್ಲ.

ಆಮೇಲೆ ಕೆರೆಗಳನ್ನು ಅಳತೆಯ ಮೇಲೆ ಹಂಚಿದರು. ಅಚ್ಚುಕಟ್ಟು 40 ಹೆಕ್ಟೇರಿನವರೆಗೆ ಇದ್ದರೆ ಜಿಲ್ಲಾ ಪಂಚಾಯಿತಿಗೆ. 40ರಿಂದ 2,000 ಹೆಕ್ಟೇರಿನವರೆಗೆ ಇದ್ದರೆ ಸಣ್ಣ ನೀರಾವರಿ ಇಲಾಖೆಗೆ. ಕೆರೆಯ ನೆಲವು ಕಂದಾಯ ಇಲಾಖೆಗೆ, ಅಂಗಳದ ಗಿಡಗಳು ಅರಣ್ಯ ಇಲಾಖೆಗೆ, ಮೀನಿನ ಹರಾಜು ಮತ್ತೊಬ್ಬರಿಗೆ. ಸರಪಣಿಯಲ್ಲಿ ಮೇಲಿನ ಕೆರೆ ಒಬ್ಬರದು, ಕೆಳಗಿನದು ಇನ್ನೊಬ್ಬರದು. ನೀರಿಗೆ ಮಾತ್ರ ಈ ಭಾಗಾಂಶವು ತಿಳಿಯದು. ಅದು ಇಳಿಜಾರನ್ನಷ್ಟೇ ಬಲ್ಲದು.

ಪರಿಸರದ ಮಂಡಲಿಗಳ ಹುಟ್ಟು

ಇತ್ತ ದೇಶದಲ್ಲಿ ಬೇರೊಂದು ಬಗೆಯ ಸಂಸ್ಥೆಗಳು ಹುಟ್ಟಿದುವು. 1972ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಪರಿಸರವನ್ನು ಕುರಿತು ಲೋಕದ ರಾಷ್ಟ್ರಗಳ ಸಮ್ಮೇಳನವು ನಡೆಯಿತು. ಆ ವರ್ಷವೇ ಭಾರತ ಸರ್ಕಾರದವರು ಪರಿಸರ ಯೋಜನೆ ಮತ್ತು ಸಮನ್ವಯದ ರಾಷ್ಟ್ರೀಯ ಸಮಿತಿಯನ್ನು ನೇಮಿಸಿದರು. ಅದಕ್ಕೆ ಪೀತಾಂಬರ ಪಂತರು ಅಧ್ಯಕ್ಷರಾಗಿದ್ದರು. ಸಲಹೆ ಹೇಳುವುದೇ ಅದರ ಕೆಲಸ. ಆಜ್ಞೆ ಮಾಡುವ ಅಧಿಕಾರವು ಅದಕ್ಕಿರಲಿಲ್ಲ. 1980ರಲ್ಲಿ ತಿವಾರಿ ಸಮಿತಿಯವರ ಶಿಫಾರಸಿನ ಮೇಲೆ ಕೇಂದ್ರದಲ್ಲಿ ಪರಿಸರ ಇಲಾಖೆಯೂ, 1985ರಲ್ಲಿ ಪರಿಸರ ಮತ್ತು ಅರಣ್ಯಗಳ ಮಂತ್ರಾಲಯವೂ ಆದುವು. ನಮ್ಮ ರಾಜ್ಯದಲ್ಲಿ 1974ರ ಜಲಮಾಲಿನ್ಯದ ಶಾಸನದ ಮೇರೆಗೆ ಅದೇ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಮಾಲಿನ್ಯ ನಿಯಂತ್ರಣದ ಮಂಡಲಿಯು ಸ್ಥಾಪಿತವಾಯಿತು. 1981ರಲ್ಲಿ ಜೀವಿಪರಿಸ್ಥಿತಿ ಮತ್ತು ಪರಿಸರ ಇಲಾಖೆಯು ಬಂದಿತು.

ಈ ಸಂಸ್ಥೆಗಳು ಹುಟ್ಟಿದ್ದು ಕಾರ್ಖಾನೆಗಳ ಕೊಳೆನೀರು, ಹೊಗೆ, ಅರಣ್ಯನಾಶ ಇವುಗಳ ಚಿಂತೆಯಿಂದ. ಹಳ್ಳಿಯ ಕೆರೆಯ ಕೋಡಿ, ತೂಬು, ಪೋಷಕ ಕಾಲುವೆ ಇವು ಬಹುಕಾಲ ಅವುಗಳ ದೃಷ್ಟಿಗೆ ಬೀಳಲಿಲ್ಲ. ಇದಕ್ಕೊಂದು ನಿದರ್ಶನವನ್ನು ಕೊಡುತ್ತೇನೆ. ಜೌಗುಭೂಮಿಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಒಡಂಬಡಿಕೆಯು 1971ರಲ್ಲಿ ರಾಮ್ಸಾರ್ ಎಂಬಲ್ಲಿ ಆಯಿತು. ಭಾರತವು 1982ರಲ್ಲಿ ಅದಕ್ಕೆ ಸೇರಿತು. 2010ರಲ್ಲಿ ಜೌಗುಭೂಮಿಗಳ ನಿಯಮಗಳಾಗಿ ಕೇಂದ್ರ ಪ್ರಾಧಿಕಾರವು ಏರ್ಪಟ್ಟಿತು. 2017ರಲ್ಲಿ ಅದನ್ನು ತೆಗೆದು, ರಾಜ್ಯಕ್ಕೊಂದು ಪ್ರಾಧಿಕಾರವನ್ನೂ, ಕೇಂದ್ರದಲ್ಲಿ ಸಲಹೆಗಾಗಿ ಒಂದು ಸಮಿತಿಯನ್ನೂ ಇಟ್ಟರು. ಆದರೆ ಕುಡಿಯುವ ನೀರಿಗಾಗಿಯೂ ನೀರಾವರಿಗಾಗಿಯೂ ಮನುಷ್ಯರು ಕಟ್ಟಿದ ಜಲಾಶಯಗಳನ್ನು ಆ ನಿಯಮಗಳಿಂದ ಹೊರಗಿಟ್ಟಿದ್ದಾರೆ. ನಮ್ಮ ಜಿಲ್ಲೆಯ ಕೆರೆಗಳೆಲ್ಲವೂ ಮನುಷ್ಯರೇ ಕಟ್ಟಿದವು. ಅಜ್ಜಂದಿರು ದುಡಿದು ಕಟ್ಟಿದರೆಂಬ ಕಾರಣದಿಂದಲೇ ಮೊಮ್ಮಕ್ಕಳಿಗೆ ಆ ರಕ್ಷಣೆಯು ತಪ್ಪಿತು.

ಕೆರೆಗಳ ಪ್ರಾಧಿಕಾರ

ಕೆರೆಗಳಿಗಾಗಿಯೇ ಸಲಹೆಯ ಏರ್ಪಾಡು ಮೊದಲಾದದ್ದು ಬೆಂಗಳೂರಿನಿಂದ. ಆ ನಗರದ ಕೆರೆಗಳು ಒಂದೊಂದಾಗಿ ಬಡಾವಣೆಗಳೂ ಬಸ್ ನಿಲ್ದಾಣಗಳೂ ಆಗುತ್ತಿದ್ದುದನ್ನು ಕಂಡು ಸರ್ಕಾರದವರು 1985ರಲ್ಲಿ ಎನ್. ಲಕ್ಷ್ಮಣರಾಯರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿ, ಅದರ ವರದಿಯನ್ನು 1988ರಲ್ಲಿ ಅಂಗೀಕರಿಸಿದರು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರವೆಂಬುದು ಹುಟ್ಟಿತು. ಹೆಸರು ಪ್ರಾಧಿಕಾರವಾದರೂ ಅದು ಸಂಘಗಳ ನೋಂದಣಿ ಕಾಯಿದೆಯ ಕೆಳಗೆ ದಾಖಲಾದ ಒಂದು ಸೊಸೈಟಿ. ಒತ್ತುವರಿಯನ್ನು ತೆರವು ಮಾಡುವ ಅಧಿಕಾರವು ಕಂದಾಯದವರಲ್ಲಿತ್ತು, ಹಣವು ಬೇರೆಯವರಲ್ಲಿತ್ತು. ಮುಂದೆ ಕೆಲವು ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ ಜನರಲ್ಲಿ ಆಕ್ಷೇಪಣೆಯೆದ್ದು, 2008ರಲ್ಲಿ ವ್ಯಾಜ್ಯವು ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಸಮಿತಿಯವರು ಕೆರೆಗಳನ್ನು ಕುರಿತು ವರದಿ ಮಾಡಿದರು. 2012ರಲ್ಲಿ ಹೈಕೋರ್ಟಿನವರು ಜಿಲ್ಲೆಗೊಂದು ಕೆರೆ ಸಂರಕ್ಷಣೆಯ ಸಮಿತಿಯಿರಬೇಕೆಂದು ನಿರ್ದೇಶಿಸಿದರು.

ಅದೇ 2002ರಲ್ಲಿ ಇನ್ನೊಂದು ಸಂಸ್ಥೆಯೂ ಕೆಲಸಕ್ಕೆ ತೊಡಗಿತು. ಅದು ಜಲಸಂವರ್ಧನೆ ಯೋಜನಾ ಸಂಘ. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ, ಕೋಲಾರವೂ ಸೇರಿದಂತೆ ಒಂಬತ್ತು ಜಿಲ್ಲೆಗಳಲ್ಲಿ ಮೊದಲಾಗಿ, ಗ್ರಾಮದವರ ಕೆರೆ ಬಳಕೆದಾರರ ಸಂಘಗಳ ಮೂಲಕವೇ ಹೂಳೆತ್ತಿಸುವುದು, ಏರಿಯನ್ನು ಭದ್ರಪಡಿಸುವುದು ಅದರ ಉದ್ದೇಶ. ಗ್ರಾಮಸ್ಥರೂ ತಮ್ಮ ಪಾಲಿನ ವಂತಿಗೆಯನ್ನು ಕೊಡಬೇಕಾಗಿತ್ತು. ಹಲವು ಊರುಗಳಲ್ಲಿ ಇದರಿಂದ ಪ್ರಯೋಜನವಾದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ 2012ರಲ್ಲಿ ಯೋಜನೆಯು ಮುಗಿಯಿತು. ಹಣ ನಿಂತೊಡನೆ ಬಹುಮಟ್ಟಿನ ಸಂಘಗಳ ಸಭೆಯೂ ನಿಂತಿತು. ಕೆಲವೆಡೆ ಸಂಘದ ಬೋರ್ಡು ಇದೆ, ರಿಜಿಸ್ಟರು ಇಲ್ಲ.

ಬಳಿಕ 2014ರ ಶಾಸನದಿಂದ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೆ ಮೊದಲ ಬಾರಿಗೆ ಕಾನೂನಿನ ಬಲವು ದೊರೆಯಿತು. ಕೆರೆಯ ಎಲ್ಲೆಯಿಂದ 30 ಮೀಟರಿನೊಳಗೆ ಕಟ್ಟಡಗಳನ್ನು ಕಟ್ಟಕೂಡದೆಂಬ ನಿಷೇಧವೂ, ಜಿಲ್ಲಾಧಿಕಾರಿಗಳ ನೇತೃತ್ವದ ಸಮಿತಿಗಳೂ ಅದರಲ್ಲಿ ಸೇರಿದ್ದುವು. ಆದಿಯಲ್ಲಿ ಅದರ ಗಮನವು ನಗರಗಳ ಕೆರೆಗಳತ್ತಲೇ ಇತ್ತು. 2018ರಲ್ಲಿ ಅದೂ ಹೋಗಿ, ಸಣ್ಣ ನೀರಾವರಿ ಇಲಾಖೆಯ ಅಧೀನದಲ್ಲಿ ಕೆರೆ ಸಂರಕ್ಷಣೆಯ ಇನ್ನೊಂದು ಪ್ರಾಧಿಕಾರಕ್ಕೆ ಆ ಅಧಿಕಾರಗಳು ವರ್ಗವಾದುವು. 2025ರಲ್ಲಿ 30 ಮೀಟರಿನ ಅಂತರವನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ತಗ್ಗಿಸುವ ತಿದ್ದುಪಡಿಯ ಮಸೂದೆಯು ಶಾಸನಸಭೆಯ ಮುಂದೆ ಬಂದಿತು. ಹೀಗೆ 2002ರಿಂದ ಹದಿನಾರು ವರ್ಷಗಳಲ್ಲಿ ಒಂದೇ ಕೆಲಸಕ್ಕೆ ಮೂರು ಹೆಸರುಗಳಾದುವು. ಪ್ರತಿಸಲವೂ ಕಡತಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಗಾಡಿಯ ಮೇಲೆ ಹೋಗುತ್ತವೆ. ಆ ನಡುವೆ ಬಂದ ರೈತನ ಅರ್ಜಿಗೆ ಉತ್ತರ ಕೊಡುವವರು ಯಾರು?

ನೆಲದೊಳಗಣ ನೀರು

ಕೆರೆಗಳು ಸೊರಗಿದ ಮೇಲೆ ನಾವು ನೆಲವನ್ನು ಕೊರೆದೆವು. ಇದಕ್ಕೂ ಸಲಹೆಗಾರರಿಲ್ಲದೆ ಇಲ್ಲ. ಕೇಂದ್ರ ಅಂತರ್ಜಲ ಮಂಡಲಿಯು 1970ರಲ್ಲಿ ಆ ಹೆಸರನ್ನು ಪಡೆದು, 1972ರಲ್ಲಿ ಭೂಗರ್ಭ ಸರ್ವೇಕ್ಷಣೆಯ ಅಂತರ್ಜಲ ವಿಭಾಗವನ್ನೂ ಕೂಡಿಸಿಕೊಂಡಿತು. ಅದು ಬಾವಿಗಳ ಮಟ್ಟವನ್ನು ಅಳೆದು ತಿಳಿಸುತ್ತಿತ್ತೇ ವಿನಾ ತಡೆಯುವ ಅಧಿಕಾರವು ಅದಕ್ಕಿರಲಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಿಂದ 1986ರ ಪರಿಸರ ಶಾಸನದ ಕೆಳಗೆ ಕೇಂದ್ರ ಅಂತರ್ಜಲ ಪ್ರಾಧಿಕಾರವು ಏರ್ಪಟ್ಟಿತು. ನಮ್ಮ ರಾಜ್ಯದಲ್ಲಿ 1999ರಲ್ಲಿ ಕುಡಿಯುವ ನೀರಿನ ಮೂಲಗಳ ರಕ್ಷಣೆಗಾಗಿ ಒಂದು ಶಾಸನವೂ, 2011ರಲ್ಲಿ ಅಂತರ್ಜಲದ ನಿಯಂತ್ರಣಕ್ಕಾಗಿ ಇನ್ನೊಂದೂ ಆದುವು. ಎರಡನೆಯದರ ಪ್ರಕಾರ ಗೊತ್ತುಮಾಡಿದ ಪ್ರದೇಶಗಳಲ್ಲಿ ಅಪ್ಪಣೆಯಿಲ್ಲದೆ ಬಾವಿ ತೋಡಕೂಡದು.

ವರ್ಷದಲ್ಲಿ ಇಂಗುವ ನೀರಿನಲ್ಲಿ ತೆಗೆಯಬಹುದಾದ ಪ್ರಮಾಣಕ್ಕಿಂತ ಹೆಚ್ಚಾಗಿ ತೆಗೆಯುವ ತಾಲ್ಲೂಕುಗಳನ್ನು ಅತಿಬಳಕೆಯವೆಂದು ವಿಂಗಡಿಸುತ್ತಾರೆ. ನಮ್ಮ ಜಿಲ್ಲೆಯು ಆ ಪಟ್ಟಿಯಲ್ಲಿ ಬಹುಕಾಲದಿಂದ ಇದೆ. ಸಾವಿರ ಅಡಿಗೂ ಆಳಕ್ಕೆ ಕೊರೆದು ಬರಿಯ ಧೂಳು ಬಂದು, ಸಾಲ ಮಾತ್ರ ಉಳಿದ ಮನೆಗಳು ಪ್ರತಿ ಗ್ರಾಮದಲ್ಲಿಯೂ ಉಂಟು. ಶಾಸನದ ವಿಷಯವನ್ನು ಆ ಮನೆಯವರಿಗೆ ಕೊರೆಯುವುದಕ್ಕೆ ಮುಂಚೆ ತಿಳಿಸಿದವರು ಯಾರಾದರೂ ಇದ್ದರೇ ಎಂದು ವಿಚಾರಿಸಿದ್ದೇನೆ. ಬಹುಶಃ ಇಲ್ಲ. ಸಲಹೆಯು ಬೆಂಗಳೂರಿನಲ್ಲಿ ಅಚ್ಚಾಯಿತು. ಕೊರೆಯುವ ಲಾರಿಯು ರಾತ್ರಿಯೇ ಊರಿಗೆ ಬಂದಿತು.

ಸಲಹೆಯೂ ತಪ್ಪಬಹುದು

ಇಷ್ಟನ್ನು ಹೇಳಿ, ತಪ್ಪೆಲ್ಲವೂ ಇತರರದೆಂದು ಕೈತೊಳೆದುಕೊಳ್ಳುವುದು ನನಗೆ ಶೋಭಿಸದು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನಮ್ಮ ಜಿಲ್ಲೆಯ ರಾಗಿಯ ಹೊಲಗಳಲ್ಲಿ ನೀಲಗಿರಿ ಗಿಡಗಳನ್ನು ನೆಡಲು ಸರ್ಕಾರವೇ ಸಸಿಗಳನ್ನು ಕೊಟ್ಟು ಪ್ರೋತ್ಸಾಹಿಸಿತು. ಆಳಿನ ಖರ್ಚಿಲ್ಲ, ಕಾರ್ಖಾನೆಯವರು ಕೊಳ್ಳುತ್ತಾರೆ ಎಂದು ಜಮೀನುದಾರರು ಸಂತೋಷದಿಂದ ನೆಟ್ಟರು. ಕೆರೆಗಳ ಜಲಾನಯನದ ಮೇಲೆಲ್ಲ ನೀಲಗಿರಿ ಹಬ್ಬಿತು. 2017ರಲ್ಲಿ ಅದೇ ಸರ್ಕಾರವು ನೀಲಗಿರಿಯನ್ನು ಹೊಸದಾಗಿ ಬೆಳೆಸಕೂಡದೆಂದು ಆಜ್ಞೆ ಮಾಡಿತು. ಮೊದಲನೆಯ ಸಲಹೆಯನ್ನು ನಂಬಿದ ರೈತನು ಎರಡನೆಯದನ್ನು ಏಕೆ ನಂಬಬೇಕು ಎಂದು ಕೇಳಿದರೆ ಅದು ಉದ್ಧಟತನವಲ್ಲ, ನ್ಯಾಯವಾದ ಪ್ರಶ್ನೆ. ಸಲಹೆ ಕೊಟ್ಟವನು ತಪ್ಪಾದಾಗ ತಪ್ಪಾಯಿತೆಂದು ಒಪ್ಪಿಕೊಂಡಲ್ಲದೆ ವಿಶ್ವಾಸವು ಹುಟ್ಟದು.

ಇನ್ನೊಂದು ನಿದರ್ಶನವು ಎಲ್ಲರ ಕಣ್ಣೆದುರಿಗೇ ಇದೆ. ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳೆನೀರನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ, ದಿನಕ್ಕೆ 440 ದಶಲಕ್ಷ ಲೀಟರಿನಂತೆ 126 ಕೆರೆಗಳಿಗೆ ತುಂಬಿಸುವ ಯೋಜನೆಯಿಂದ 2018ರ ಜೂನ್ ತಿಂಗಳಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರದ ಕೆರೆಗೆ ನೀರು ಬಂದಿತು. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡು, ವಿಷಯವು ಹೈಕೋರ್ಟಿಗೂ ಬಳಿಕ ಸುಪ್ರೀಂ ಕೋರ್ಟಿಗೂ ಹೋಯಿತು. ನೀರು ಬಂದ ಕಡೆಗಳಲ್ಲಿ ಬತ್ತಿದ್ದ ಬಾವಿಗಳಿಗೆ ಜೀವ ಬಂದುದನ್ನು ಅಲ್ಲಗಳೆಯುವಂತಿಲ್ಲ. ಮೂರನೆಯ ಹಂತದ ಶುದ್ಧೀಕರಣವೂ ಆಗಲಿ ಎಂದು ಕೇಳುವವರ ಭಯವನ್ನೂ ಅಲ್ಲಗಳೆಯುವಂತಿಲ್ಲ. ನನ್ನ ಮಾತೇನೆಂದರೆ, ಪರೀಕ್ಷೆಯ ಫಲಿತಾಂಶವು ಮಾಲಿನ್ಯ ಮಂಡಲಿಯ ಕಡತದಲ್ಲಿದ್ದರೆ ಸಾಲದು. ಆ ನೀರಿನ ಕೆಳಗೆ ಸೊಪ್ಪು ತರಕಾರಿ ಬೆಳೆಯುವವನ ಊರಿನ ಪಂಚಾಯಿತಿಯ ಗೋಡೆಯ ಮೇಲೆ, ಕನ್ನಡದಲ್ಲಿ, ತಿಂಗಳು ತಿಂಗಳೂ ಇರಬೇಕು.

ನನ್ನ ಅಭಿಪ್ರಾಯ

ಇಂಥ ಮಂಡಲಿಗಳೆಲ್ಲವೂ ದಂಡ, ಅವನ್ನು ತೆಗೆದುಹಾಕಬೇಕೆನ್ನುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಅವರು ಅಳೆಯದಿದ್ದರೆ ಬಾವಿಗಳು ಎಷ್ಟು ಇಳಿದಿವೆಯೆಂದು ನಮಗೆ ತಿಳಿಯುತ್ತಿರಲಿಲ್ಲ. ಅವರ ವರದಿಗಳಿಲ್ಲದಿದ್ದರೆ ನ್ಯಾಯಾಲಯದಲ್ಲಿ ಕೆರೆಯ ಪರವಾಗಿ ಒಂದು ಕಾಗದವೂ ಇರುತ್ತಿರಲಿಲ್ಲ. ಸಲಹೆಯು ಬೇಕು. ಆದರೆ ಸಲಹೆಯು ಯಾವಾಗ ಫಲಿಸುತ್ತದೆಂಬುದನ್ನು ನಮ್ಮ ರಾಗಿಯಿಂದಲೇ ಕಲಿಯಬಹುದು. ಮಂಡ್ಯದ ವಿ. ಸಿ. ಫಾರಮ್ಮಿನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಹೊರತಂದಾಗ, ಒಳ್ಳೆಯ ರಾಗಿಯನ್ನು ಬಿತ್ತಿರಿ ಎಂದು ಉಪದೇಶಮಾಡಿ ಬಿಡಲಿಲ್ಲ. ಬೀಜವೇ ರೈತನ ಕೈಗೆ ಬಂದಿತು. ಕೆರೆಯ ವಿಷಯದಲ್ಲಿ ನಾವು ಉಪದೇಶವನ್ನು ಕೊಟ್ಟಿದ್ದೇವೆ, ಬೀಜವನ್ನು ಕೊಟ್ಟಿಲ್ಲ.

ಆದಕಾರಣ ಸರ್ಕಾರದವರ ಮುಂದೆ ಮೂರು ವಿಷಯಗಳನ್ನು ವಿನಯದಿಂದ ಇಡುತ್ತೇನೆ. ಮೊದಲನೆಯದಾಗಿ, ಪ್ರತಿಯೊಂದು ಕೆರೆಗೂ, ಅದರ ಅಚ್ಚುಕಟ್ಟು ಎಷ್ಟೇ ಇರಲಿ, ಉತ್ತರವಾದಿಯಾದ ಒಬ್ಬನೇ ಅಧಿಕಾರಿಯಿರಬೇಕು. ಅವನ ಹುದ್ದೆಯ ಹೆಸರು ತೂಬಿನ ಕಲ್ಲಿನ ಮೇಲೆ ಬರೆದಿರಬೇಕು. ಎರಡನೆಯದಾಗಿ, ಅಪಾಯವನ್ನು ಕುರಿತು ಬಂದ ಸಲಹೆಯನ್ನು ಒಪ್ಪುವುದಾಗಲಿ ಬಿಡುವುದಾಗಲಿ ಗೊತ್ತಾದ ದಿನಗಳೊಳಗೆ ಲಿಖಿತವಾಗಿ ಆಗಬೇಕು. ಒಪ್ಪದಿದ್ದರೆ ಕಾರಣವನ್ನು ಬರೆಯಬೇಕು. ಮೌನವನ್ನು ಉತ್ತರವೆಂದು ಎಣಿಸಕೂಡದು. ಮೂರನೆಯದಾಗಿ, ಹತ್ತು ವರ್ಷಕ್ಕೊಮ್ಮೆ ದೊಡ್ಡ ಮೊತ್ತವನ್ನು ಸುರಿಯುವ ಬದಲು, ನೀರಗಂಟಿಯ ಸಂಬಳ, ಗಿಡ ಕಡಿಯುವುದು, ತೂಬಿನ ರಿಪೇರಿ ಇಷ್ಟಕ್ಕೆ ಸಾಕಾಗುವ ಅಲ್ಪ ಮೊತ್ತವನ್ನು ವರ್ಷವರ್ಷವೂ ತಪ್ಪದೆ ಕೊಡಬೇಕು. ಪ್ರಾಧಿಕಾರದ ಹೆಸರು ಏನೇ ಇರಲಿ, ಈ ಮೂರು ಇದ್ದರೆ ಕೆಲಸ ನಡೆಯುತ್ತದೆ. ಇಲ್ಲದಿದ್ದರೆ ನಾಲ್ಕನೆಯ ಹೆಸರಿನಿಂದಲೂ ನಡೆಯದು.

ಗ್ರಾಮದವರು ಮಾಡತಕ್ಕದ್ದು

ಸರ್ಕಾರವನ್ನು ಕಾದು ಕುಳಿತರೆ ಮಳೆಯು ಕಾಯುವುದಿಲ್ಲ. ಮುಖಂಡರು ಈ ಕೆಳಗಿನ ಕೆಲಸಗಳನ್ನು ಈ ಬೇಸಗೆಯಲ್ಲಿಯೇ ಕೈಗೊಳ್ಳಬಹುದು.

1. ಗ್ರಾಮದ ನಕಾಶೆಯ ಪ್ರತಿಯನ್ನು ಸರ್ವೆ ಕಚೇರಿಯಿಂದ ತರಿಸಿ, ಕೆರೆಯ ಅಂಗಳ, ಪೋಷಕ ಕಾಲುವೆ, ಕೋಡಿಯ ಹಳ್ಳ ಇವುಗಳ ಎಲ್ಲೆಯನ್ನು ಅಳತೆಮಾಡಿಸಲು ಅರ್ಜಿ ಕೊಡಬೇಕು. ಗಡಿಕಲ್ಲು ಬಿದ್ದ ಮೇಲೆ ಅರ್ಧ ವ್ಯಾಜ್ಯವು ತಾನಾಗಿ ಅಡಗುತ್ತದೆ.

2. ಅರ್ಜಿಗಳನ್ನು ಬಾಯಿಮಾತಿನಲ್ಲಿ ಬಿಡದೆ, ಸ್ವೀಕೃತಿಯ ರಸೀತಿಯೊಡನೆ ಒಂದು ರಿಜಿಸ್ಟರಿನಲ್ಲಿ ದಾಖಲು ಮಾಡಬೇಕು. ಉತ್ತರ ಬಾರದಿದ್ದರೆ ಗ್ರಾಮಸಭೆಯಲ್ಲಿ ಓದಿ ನಡವಳಿಯಲ್ಲಿ ಬರೆಯಬೇಕು.

3. ಏರಿಯ ಮೇಲಿನ ಜಾಲಿ ಮೊದಲಾದ ಗಿಡಗಳನ್ನು ಮುಂಗಾರಿಗೆ ಮುಂಚೆ ಬುಡಸಹಿತ ತೆಗೆಸಿ, ಬೇರಿನ ಗುಂಡಿಗಳಿಗೆ ಗೋಡುಮಣ್ಣನ್ನು ಗಟ್ಟಿಯಾಗಿ ದಮ್ಮಸು ಮಾಡಿಸಬೇಕು. ಕಡಿದು ಬುಡ ಬಿಟ್ಟರೆ ಬೇರು ಕೊಳೆತು ನೀರಿಗೆ ದಾರಿಯಾಗುತ್ತದೆ.

4. ಕೆರೆಯ ಗೋಡನ್ನು ಹೊಲಗಳಿಗೆ ಹೊಡೆಯುವ ಹಳೆಯ ಪದ್ಧತಿಯನ್ನು ಬಿಡಬಾರದು. ಕೆಂಪು ಮರಳುನೆಲಕ್ಕೆ ಅದು ತೇವವನ್ನು ಹಿಡಿಯುವ ಗುಣವನ್ನು ಕೊಡುತ್ತದೆ. ಆದರೆ ಏರಿಯ ಬುಡದಲ್ಲಿ ಮಾತ್ರ ತೋಡಕೂಡದು.

5. ನಾಲ್ಕು ತಿಂಗಳ ಮಳೆಗಾಲಕ್ಕಾದರೂ ಒಬ್ಬ ನೀರಗಂಟಿಯನ್ನು, ಯಾವ ಜಾತಿಯವನಾದರೂ ಸರಿ, ಯೋಗ್ಯವಾದ ಸಂಬಳಕ್ಕೆ ನೇಮಿಸಿಕೊಳ್ಳಬೇಕು. ಅಚ್ಚುಕಟ್ಟಿನ ಎಕರೆಗೆ ಇಷ್ಟೆಂದು ವಂತಿಗೆ ಹಾಕಿದರೆ ಒಂದು ಸಲದ ಕೊಳವೆಬಾವಿಯ ಖರ್ಚಿನ ಮುಂದೆ ಅದು ಲೆಕ್ಕಕ್ಕೇ ಬಾರದು.

6. ಎಲ್ಲಕ್ಕಿಂತ ಕಷ್ಟವಾದುದು ಕಡೆಯದು. ಒತ್ತುವರಿಯು ಬಡವರಿಂದ ಮಾತ್ರ ಆಗುವುದೆಂದು ಹೇಳುವುದು ಸುಳ್ಳು. ಈ ಪತ್ರಿಕೆಯನ್ನು ಓದುವ ಮಹಾಶಯರಲ್ಲಿಯೂ ಹಳ್ಳದ ಒಂದೆರಡು ಗುಂಟೆಯನ್ನು ಬೇಲಿಯೊಳಗೆ ಸೇರಿಸಿಕೊಂಡವರು ಇದ್ದಾರು. ಮುಖಂಡನು ತನ್ನ ಬೇಲಿಯನ್ನು ಮೊದಲು ಹಿಂದಕ್ಕೆ ಸರಿಸಿದರೆ ಇತರರಿಗೆ ಹೇಳುವ ಬಾಯಿ ಬರುತ್ತದೆ.

ನಾನು ಹೇಳಿದ ಗ್ರಾಮದಲ್ಲಿ ಏರಿಯನ್ನು ಮರುವರ್ಷ ಕಟ್ಟಿದರು. ಕಲ್ಲು ನೆಡುವ ದಿನ ನಾನೂ ಹೋಗಿದ್ದೆನು. ಮೂರು ಎಕರೆ ರಾಗಿಯನ್ನು ಕಳೆದುಕೊಂಡ ಆ ವೃದ್ಧರು ನನ್ನ ಬಳಿಗೆ ಬಂದು, ಸ್ವಾಮಿ, ನೀವು ಆ ಕಾಗದವನ್ನು ಬರೆದದ್ದು ನಮಗೆ ಗೊತ್ತು, ಆಮೇಲೆ ಒಂದು ಸಲವಾದರೂ ಏನಾಯಿತೆಂದು ಕೇಳಬಹುದಾಗಿತ್ತಲ್ಲ ಎಂದರು. ಕೋಪದಿಂದ ಹೇಳಲಿಲ್ಲ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ನಾನು ಬರೆದ ಪ್ರತಿಯೊಂದು ವರದಿಯ ತಾರೀಖನ್ನೂ ಒಂದು ಪುಸ್ತಕದಲ್ಲಿ ಗುರ್ತುಹಾಕಿ, ತಿಂಗಳಿಗೊಮ್ಮೆ ಏನಾಯಿತೆಂದು ವಿಚಾರಿಸುತ್ತಿದ್ದೇನೆ. ಸಲಹೆ ಹೇಳುವ ಸಂಸ್ಥೆಗಳೆಲ್ಲವೂ, ದೆಹಲಿಯದಾಗಲಿ ಬೆಂಗಳೂರಿನದಾಗಲಿ, ಇಂಥದೊಂದು ಪುಸ್ತಕವನ್ನು ಇಟ್ಟರೆ ಸಾಕೆಂದು ನನಗೆ ತೋರುತ್ತದೆ. ಗ್ರಾಮದ ಮುಖಂಡರು ಅದೇ ಪ್ರಶ್ನೆಯನ್ನು ನನ್ನನ್ನೂ ನನ್ನ ಮೇಲಿನವರನ್ನೂ ಸಂಕೋಚವಿಲ್ಲದೆ ಕೇಳುತ್ತಿರಬೇಕೆಂದು ವಿಜ್ಞಾಪಿಸಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.